ಕೈಗೆ ಕಣ್ಣು ಬರುವವರೆಗೆ

ಪಶುವೈದ್ಯಕೀಯ ಓದಲು ಬಂದವರನ್ನು ಯಾಕೆ ಬಂದಿರಿ ಎಂದು ಕೇಳಿ ನೋಡಿ, ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಒಂದೇ: ಪ್ರಾಣಿಗಳೆಂದರೆ ಇಷ್ಟ. ನಾನೂ ಅದನ್ನೇ ಹೇಳಿದ್ದೆ. ಸುಳ್ಳೇನಲ್ಲ. ಆದರೆ ಮೊದಲ ವರ್ಷವಿಡೀ ಆ ಇಷ್ಟವನ್ನು ತೋರಿಸಲು ಜೀವವಿರುವ ಒಂದು ಪ್ರಾಣಿಯೂ ನನ್ನ ಪಾಲಿಗೆ ಸಿಗಲಿಲ್ಲ. ಸಿಕ್ಕಿದ್ದು ಹೆಣ ಕೆಡದಂತೆ ಇಡುವ ಫಾರ್ಮಲಿನ್ ವಾಸನೆಯ ಹಾಲ್ ಮತ್ತು ಒಂದು ಪೆಟ್ಟಿಗೆ ತುಂಬ ಮೂಳೆ.

ಮನುಷ್ಯರ ವೈದ್ಯರಾಗಲು ಹೊರಟವರು ಒಂದು ದೇಹ ಕಲಿತರೆ ಸಾಕು. ನಮಗೆ ಹಸು, ಕುದುರೆ, ನಾಯಿ, ಹಂದಿ, ಕೋಳಿ ಎಲ್ಲವೂ ಬೇಕು, ಒಂದರಂತೆ ಇನ್ನೊಂದಿಲ್ಲ. ಹಸುವಿಗೆ 13 ಜೊತೆ ಪಕ್ಕೆಲುಬು, ಕುದುರೆಗೆ ಸಾಮಾನ್ಯವಾಗಿ 18. ನಾಯಿಯ ಬಾಯಲ್ಲಿ 42 ಹಲ್ಲು. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಕುದುರೆಗೆ ಪಿತ್ತಕೋಶವಿಲ್ಲ. ಪರೀಕ್ಷೆಯಲ್ಲಿ ನಾನು ಕುದುರೆಯ ಪಿತ್ತಕೋಶ ಎಲ್ಲಿದೆ ಎಂದು ಬಹಳ ವಿಶ್ವಾಸದಿಂದ ತೋರಿಸಿದ್ದೆ. ಮೇಷ್ಟ್ರು ನಗಲೂ ಇಲ್ಲ, ಬೈಯಲೂ ಇಲ್ಲ. ಮುಂದಿನ ಪ್ರಶ್ನೆಗೆ ಹೋದರು.

ಅವರದೇ ಒಂದು ಆಟವಿತ್ತು. ಬಟ್ಟೆ ಚೀಲದಲ್ಲಿ ಒಂದು ಮೂಳೆ ಹಾಕಿ ಕೊಡುವರು. ನೋಡುವಂತಿಲ್ಲ, ಕೈ ಹಾಕಿ ಹೇಳಬೇಕು. ಕಾಲಿನ ಕೆಳಭಾಗದ ಉದ್ದ ಮೂಳೆಯ ತುದಿ ಎರಡಾಗಿ ಸೀಳಿದ್ದರೆ ಮೆಲುಕು ಹಾಕುವ ಪ್ರಾಣಿ. ಸೀಳದೆ ಒಂದೇ ಆಗಿದ್ದರೆ ಕುದುರೆ. ಆಗ ಇದೊಂದು ಕಾಟ ಅನಿಸುತ್ತಿತ್ತು. ಮೂರನೇ ವರ್ಷ ಹಸುವಿನ ಹಿಂದೆ ನಿಂತ ದಿನ ಆ ಚೀಲ ಯಾಕೆಂದು ತಿಳಿಯಿತು.

ಗಬ್ಬ ಪರೀಕ್ಷೆಯೆಂದರೆ ಹೆಗಲಿನವರೆಗೆ ಪ್ಲಾಸ್ಟಿಕ್ ಗ್ಲೌಸ್ ತೊಟ್ಟು, ಜಾರುವ ದ್ರವ ಸವರಿ, ಗುದದ್ವಾರದಿಂದ ಕೈ ಹಾಕಿ, ಕರುಳಿನ ಗೋಡೆಯ ಆಚೆ ಇರುವ ಗರ್ಭಕೋಶವನ್ನು ಮುಟ್ಟಿ ನೋಡುವುದು. ಪುಸ್ತಕದಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ಒಳಗೆ ಕೈ ಹೋದರೆ ಚಿತ್ರವೂ ಇಲ್ಲ, ಪುಸ್ತಕವೂ ಇಲ್ಲ. ಬರೀ ಬಿಸಿ, ಬರೀ ಸೆಗಣಿ. ಕರುಳು ಅಲೆಯಲೆಯಾಗಿ ಬಂದು ಕೈಯನ್ನು ಹಿಂಡುತ್ತದೆ, ಐದು ನಿಮಿಷದಲ್ಲಿ ಬೆರಳುಗಳು ಮರಗಟ್ಟುತ್ತವೆ. "ಏನು ಸಿಕ್ತು?" ಎಂದು ಮೇಷ್ಟ್ರು ಕೇಳಿದರು. "ಗರ್ಭಕೋಶ ಸಾರ್" ಎಂದೆ. ಅವರು ಗ್ಲೌಸ್ ಹಾಕಿಕೊಂಡು ನೋಡಿ, "ಅದು ಮೂತ್ರಕೋಶ" ಎಂದರು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತಿದೆ: ಅಲೆ ಬಂದಾಗ ಒದ್ದಾಡಬೇಡ, ಕೈ ಸಡಿಲ ಬಿಟ್ಟು ನಿಲ್ಲು, ಅದು ದಾಟಿದ ಮೇಲೆ ಹುಡುಕು. ಜೋರು ಮಾಡಿದವನ ಕೈಗೆ ಏನೂ ಸಿಗುವುದಿಲ್ಲ, ಜೊತೆಗೆ ಕರುಳಿಗೂ ಗಾಯ.

ಎಷ್ಟು ಹಸುಗಳಾದವೋ ಲೆಕ್ಕವಿಟ್ಟಿಲ್ಲ. ಒಂದು ದಿನ ಸೊಂಟದ ಮೂಳೆಯ ಅಂಚಿನ ಬಳಿ, ಬಟ್ಟೆ ಸುತ್ತಿದ ಗಟ್ಟಿ ಕೋಲಿನಂತೆ ಗರ್ಭಕೋಶದ ಕೊರಳು ಅಂಗೈಗೆ ಬಂತು. ಅಲ್ಲಿಂದ ಮುಂದೆ ಬೆರಳೇ ದಾರಿ ಹಿಡಿಯಿತು. ಸುಮಾರು 35 ದಿನದ ಗಬ್ಬವಾದರೆ ಗರ್ಭಕೋಶವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೆಲ್ಲಗೆ ಹಿಡಿದು ಬಿಟ್ಟಾಗ ಒಳಗಿನ ತೆಳುಪೊರೆ ಜಾರಿಕೊಳ್ಳುತ್ತದೆ. ಅಸ್ತರಿರುವ ಅಂಗಿಯನ್ನು ಚಿವುಟಿದಾಗ ಒಳಬಟ್ಟೆ ನುಣುಚಿಕೊಳ್ಳುವ ಹಾಗೆ. ಮೂರ್ನಾಲ್ಕು ತಿಂಗಳು ದಾಟಿದರೆ ಗರ್ಭಕೋಶದ ರಕ್ತನಾಳ ಬೆರಳ ಕೆಳಗೆ ಝುಂ ಎನ್ನುತ್ತದೆ. ಈಗ ಸ್ಕ್ಯಾನಿಂಗ್ ಯಂತ್ರದಲ್ಲಿ 28 ದಿನಕ್ಕೇ ತಿಳಿಯುತ್ತದೆ ನಿಜ. ಆದರೆ ಯಂತ್ರ ಹಿಡಿಯುವುದೂ ಅದೇ ಕೈ. ಎಲ್ಲಿ ಇಡಬೇಕೆಂದು ಗೊತ್ತಿಲ್ಲದವರಿಗೆ ಪರದೆಯ ಮೇಲೂ ಬೂದುಬಣ್ಣವೇ ಕಾಣುತ್ತದೆ.

ಇಂಟರ್ನ್‌ಶಿಪ್‌ನಲ್ಲಿ ಒಂದು ರಾತ್ರಿ ಹೆರಿಗೆ ಕಷ್ಟವಾದ ಹಸು. ಹೊರಗೆ ಎರಡು ಗೊರಸು ಕಾಣುತ್ತಿದ್ದವು. ನಾನು ತಲುಪುವ ಹೊತ್ತಿಗೆ ನಾಲ್ಕು ಜನ ಹಗ್ಗ ಕಟ್ಟಿ ಎಳೆಯಲು ಸಿದ್ಧರಾಗಿದ್ದರು. ಮೊದಲು ತಿಳಿಯಬೇಕಾದದ್ದು, ಇವು ಮುಂಗಾಲೋ ಹಿಂಗಾಲೋ. ಗೊರಸಿನಿಂದ ಮೇಲಕ್ಕೆ ಹೋಗುತ್ತಾ ಮೊದಲ ಎರಡು ಕೀಲುಗಳು ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದಕ್ಕೊಂದು ವಿರುದ್ಧವಾಗಿ ಮಡಚಿದರೆ ಹಿಂಗಾಲು. ಮುಂಗಾಲೇ ಆಗಿದ್ದವು. ಹಾಗಿದ್ದರೆ ಮಂಡಿಗಳ ಮೇಲೆ ಮೂತಿ ಇರಬೇಕಿತ್ತು, ಇರಲಿಲ್ಲ. ಇನ್ನೂ ಒಳಗೆ ಹೋದಾಗ ಕತ್ತು ಎಡಕ್ಕೆ ತಿರುಗಿ, ತಲೆ ಪಕ್ಕೆಗೆ ಒರಗಿಕೊಂಡಿತ್ತು. ಹಾಗೇ ಎಳೆದಿದ್ದರೆ ತಾಯಿ ಕರು ಎರಡೂ ಉಳಿಯುತ್ತಿರಲಿಲ್ಲ. ಬಾಲದ ಬುಡದಲ್ಲಿ ಅರಿವಳಿಕೆ ಕೊಟ್ಟು, ಕರುವನ್ನು ಮೊದಲು ಒಳಕ್ಕೆ ತಳ್ಳಿ, ಸಿಕ್ಕ ಜಾಗದಲ್ಲಿ ದವಡೆಗೆ ಕೈ ಕೊಟ್ಟು ತಲೆಯನ್ನು ದಾರಿಗೆ ತಂದೆ. ಹೇಳುವಾಗ ಒಂದು ವಾಕ್ಯ. ಆವತ್ತು ಮುಕ್ಕಾಲು ಗಂಟೆ. ಕರು ಬದುಕಿತು. ನನ್ನ ಎಡಗೈ ಎರಡು ದಿನ ಪೆನ್ನು ಹಿಡಿಯಲಿಲ್ಲ (ನಾನು ಎಡಚ).

ಇಷ್ಟೇ ಆಗಿದ್ದರೆ ಇದೊಂದು ತೋಳಿನ ಕಸುಬು ಎನ್ನಬಹುದಿತ್ತು. ಕೈಯನ್ನು ಯಾವಾಗ ತಡೆಯಬೇಕು ಎಂಬುದನ್ನು ಕಲಿಯಲು ನನಗೆ ಇನ್ನೂ ಹೆಚ್ಚು ಸಮಯ ಹಿಡಿಯಿತು.

ಔಷಧಶಾಸ್ತ್ರದ ತರಗತಿ ಪೂರ್ತಿ ಅದೇ ಪಾಠ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಅದರ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ಮಂಪರು ಬರಿಸಲು ಕುದುರೆಗೆ ಕೊಡುವ ಜೈಲಜೀನ್‌ನ ಸುಮಾರು ಹತ್ತನೇ ಒಂದು ಪಾಲು ಹಸುವಿಗೆ ಸಾಕು. ದನಗಳ ನೋವಿಗೆ ಕೊಟ್ಟ ಡೈಕ್ಲೋಫಿನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದಕ್ಷಿಣ ಏಷ್ಯಾದಲ್ಲಿ ಅವುಗಳ ಸಂತತಿಯನ್ನೇ ಕುಸಿಯುವಂತೆ ಮಾಡಿತೆಂದು ಗೊತ್ತಾದದ್ದು 2004ರಲ್ಲಿ. ಔಷಧ ಕೊಟ್ಟ ದನ ಚೇತರಿಸಿಕೊಂಡಿರಬಹುದು, ಆದರೂ ಲೆಕ್ಕ ಅಲ್ಲಿಗೆ ಮುಗಿದಿರಲಿಲ್ಲ.

ಹಾಲುಜ್ವರದಲ್ಲಿ ಕೈ ನಿಧಾನವಾಗಬೇಕು. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ರಕ್ತದ ಕ್ಯಾಲ್ಸಿಯಂ ಹಾಲಿಗೆ ಹರಿದುಹೋಗಿ, ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಸತ್ತಂತಿದ್ದ ಹಸು ತೇಗಿ, ಸೆಗಣಿ ಹಾಕಿ, ಎದ್ದು ನಿಲ್ಲುತ್ತದೆ. ನೋಡಿದವರು ನಿಮ್ಮನ್ನು ಮಂತ್ರವಾದಿ ಎಂದೇ ನಂಬುತ್ತಾರೆ. ಆದರೆ ಅದೇ ಬಾಟಲಿಯನ್ನು ಅವಸರದಲ್ಲಿ ಹರಿಸಿದರೆ ಹೃದಯ ನಿಲ್ಲುತ್ತದೆ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಎದೆಗೆ ಒತ್ತಿದ ಸ್ಟೆತಸ್ಕೋಪ್. ಮಿಡಿತ ತಪ್ಪಿತೆಂದು ಅನಿಸಿದ ಕೂಡಲೇ ನಿಲ್ಲಿಸಬೇಕು.

ಇನ್ನು ಕೈ ಹಾಕಲೇಬಾರದ ಜಾಗಗಳು. ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಮನುಷ್ಯರಿಗೂ ತಗಲುವ ಮಾರಕ ರೋಗ ಆಂಥ್ರಾಕ್ಸ್ ಎಂದು ಶಂಕಿಸಬೇಕು. ಹೆಣ ಕೊಯ್ದರೆ ಒಳಗಿನ ರೋಗಾಣುಗಳು ಗಾಳಿ ತಾಗಿ, ಗಟ್ಟಿ ಕವಚದ ಬೀಜಕಗಳಾಗಿ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಚಾಕು ಚೀಲದಲ್ಲೇ ಇರಬೇಕು. ಇದು ನನಗೆ ಬಾಯಿಪಾಠವಾಗಿತ್ತು. ನಾನು ಎಡವಿದ್ದು ಬೇರೆ ಕಡೆ. ಮೇವು ಬಿಟ್ಟು ಜೊಲ್ಲು ಸುರಿಸುತ್ತಿದ್ದ ಹಸು, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರು ಮನೆಯವರು. ನಾನೂ ಒಪ್ಪಿ, ಬರಿಗೈಯನ್ನು ಬಾಯೊಳಗೆ ಮೊಣಕೈವರೆಗೆ ತೂರಿಸಿದೆ. ಏನೂ ಸಿಗಲಿಲ್ಲ. ಹಿಂದೆ ಸರಿದು ನೋಡಿದಾಗ ಹಸು ಒಂದೇ ಸಮನೆ ಒಡಕು ದನಿಯಲ್ಲಿ ಕೂಗುತ್ತಿತ್ತು, ಬೆನ್ನು ಬಿಗಿದು ತಿಣುಕುತ್ತಿತ್ತು. ರೇಬಿಸ್! ಮೊದಲ ವರ್ಷವೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿದ್ದರಿಂದ ಆ ದಿನ ಒಂದು, ಮೂರನೇ ದಿನಕ್ಕೆ ಇನ್ನೊಂದು ಚುಚ್ಚುಮದ್ದಿನಲ್ಲಿ ಮುಗಿಯಿತು. ಆ ಲಸಿಕೆ ಬೇಡವೆಂದು ತಪ್ಪಿಸಿಕೊಳ್ಳಲು ನೋಡಿದ್ದೆ ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ನನ್ನ ಜೊತೆ ಓದಿದವರೆಲ್ಲ ದನದ ಹಿಂದೆ ನಿಲ್ಲಲಿಲ್ಲ. ಒಬ್ಬಳು ಪ್ರಯೋಗಾಲಯ ಸೇರಿದಳು, ಈಗ ಅವಳು ಮುಟ್ಟುವುದು ಸೀಸೆಗಳನ್ನು ಮಾತ್ರ. ನಾನು ಛೇಡಿಸಿದರೆ ಅವಳ ಹತ್ತಿರ ಉತ್ತರ ಸಿದ್ಧ: 1761ರಲ್ಲಿ ಬೂರ್ಜೆಲಾ ಫ್ರಾನ್ಸಿನ ಲಿಯೋನ್‌ನಲ್ಲಿ ಮೊದಲ ಪಶುವೈದ್ಯ ಶಾಲೆ ಕಟ್ಟಿದ್ದಕ್ಕೆ ದನಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಒಂದು ಮುಖ್ಯ ಕಾರಣ. ಆ ರೋಗ ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಿಸಿದರು. ಅಳಿಸಿದ್ದು ಲಸಿಕೆ, ನಿನ್ನ ತೋಳಲ್ಲ. ಇದಕ್ಕೆ ನನ್ನ ಬಳಿ ಮರುಮಾತಿಲ್ಲ.

ಓದಲು ಹೊರಟವರು ಕೇಳಿದರೆ ನಾನು ಕೊಡುವ ಸಲಹೆ ಚಿಕ್ಕದು. ಸೇರುವ ಮೊದಲು ಯಾರಾದರೂ ಪಶುವೈದ್ಯರ ಜೊತೆ ಒಂದು ತಿಂಗಳು ಓಡಾಡಿ, ರಾತ್ರಿ ಕರೆಗಳಿಗೂ ಹೋಗಿ. ಯಾವ ವಾಸನೆಗೂ ಒಗ್ಗಬಹುದು. ಗುಣವಾಗುವ ಪ್ರಾಣಿಯನ್ನು ಖರ್ಚಿನ ಕಾರಣಕ್ಕೆ ಬಿಟ್ಟುಕೊಡುವವರ ಮುಖ ನೋಡಿಯೂ ಸಿಟ್ಟಾಗದೆ ಮಾತಾಡಲು ಆಗುತ್ತದೆಯೇ ಎಂದು ಅಲ್ಲೇ ತಿಳಿದುಕೊಳ್ಳಿ. ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಇನ್ನೊಂದು, ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇಡಿ. ನನ್ನದು ಈಗ ಮೂರನೆಯದು. ಅದರಲ್ಲಿ ಕೊನೆಯ ದಾಖಲೆ ಕಳೆದ ತಿಂಗಳದು: ಕರು ಹಾಕಿ ಎರಡು ವಾರವಾದ ಹಸು, ಹುಲ್ಲು ತಿನ್ನುತ್ತದೆ, ಹಿಂಡಿ ಮುಟ್ಟುವುದಿಲ್ಲ, ಹಾಲು ಇಳಿದಿದೆ. ಮೂತ್ರದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗಿದಾಗ ಬರುವ ವಸ್ತು) ಇತ್ತು, ಅದಕ್ಕೇ ಔಷಧ ಕೊಟ್ಟು ಬಂದೆ. ಮೂರನೇ ದಿನ ಮತ್ತೆ ಹೋದಾಗ ಎಡಪಕ್ಕೆಗೆ ಸ್ಟೆತಸ್ಕೋಪ್ ಇಟ್ಟು ಪಕ್ಕದಲ್ಲೇ ಬೆರಳಿನಿಂದ ಬಡಿದೆ. ಖಾಲಿ ಕೊಡ ಬಡಿದಂತೆ ಟಿಂಗ್ ಎಂದಿತು. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಕೊನೆಯದು ಗಾಳಿ ತುಂಬಿಕೊಂಡು ಜಾಗ ತಪ್ಪಿ ಎಡಕ್ಕೆ ಏರಿತ್ತು, ಆಪರೇಷನ್ ಮಾಡಬೇಕಾಯಿತು. ಪುಟದ ಕೆಳಗೆ ಬರೆದಿದ್ದೇನೆ: "ಮೊದಲ ದಿನ ಬಡಿದು ನೋಡಲಿಲ್ಲ. ಮಳೆ ಬರುತ್ತಿತ್ತು."