ಹಸುವಿನ ಹಗ್ಗಕ್ಕೆ ಸಿಕ್ಕ ಬೆರಳು: ಬೆರಳ ಮೂಳೆ ಮುರಿದು ಸ್ಕ್ರೂ ಹಾಕಿಸಿಕೊಳ್ಳುವವರಿಗೆ ಒಂದಿಷ್ಟು

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ ಅಂತ ನಮ್ಮತ್ತೆ ಹೇಳುತ್ತಲೇ ಇದ್ದರು. ಮುಳಬಾಗಿಲು ಕಡೆಯ ನಮ್ಮೂರಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು ನಾನು. ಒಂದು ಬೆಳಿಗ್ಗೆ ಯಾರೋ ಬೈಕಿನ ಹಾರ್ನ್ ಹೊಡೆದರು. ಹಸು ಬೆದರಿ ಎಳೆಯಿತು. ಬಲಗೈಯ ಉಂಗುರದ ಬೆರಳು ಹಗ್ಗದ ಜೊತೆಗೇ ತಿರುಚಿಕೊಂಡಿತು.

ಹೀಗಾದಾಗ ಮೊದಲು ಉಂಗುರ ತೆಗೆಯಿರಿ. ಊತ ಏರಿದ ಮೇಲೆ ಅದು ಬರುವುದಿಲ್ಲ, ಬೆರಳಿಗೆ ರಕ್ತ ಹೋಗುವುದೂ ನಿಲ್ಲಬಹುದು. ಸೋಪು ನೀರು ಹಚ್ಚಿ ನಿಧಾನಕ್ಕೆ ಜಾರಿಸಿ. ಬರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ. ಚಿನ್ನದ ಲೆಕ್ಕ ಹಾಕುತ್ತಾ ಕೂರಬೇಡಿ. ಬೆರಳನ್ನು ಎಳೆದು ನೆಟ್ಟಗೆ ಮಾಡಲು ಯಾರಿಗೂ ಬಿಡಬೇಡಿ. ಚರ್ಮ ಹರಿದಿದ್ದರೆ ತಡ ಮಾಡುವ ಹಾಗೇ ಇಲ್ಲ. ಟಿಟಿ ಇಂಜೆಕ್ಷನ್ನು, ಗಾಯ ತೊಳೆಯುವುದು ಎಲ್ಲಾ ಅವತ್ತೇ ಆಗಬೇಕು.

ನನಗೆ ಮೊದಲು ತೋರಿಸಿದ ಕಡೆ ಉಳುಕು ಅಂದು ಮಾತ್ರೆ ಕೊಟ್ಟು ಕಳಿಸಿದರು. ಎಕ್ಸ್‌ರೇ ಇಲ್ಲ. ಮೂರು ದಿನ ಸುಮ್ನೆ ಹೋಯಿತು. ನಾನೇ ಕೇಳಿ ತೆಗೆಸಿಕೊಳ್ಳಬೇಕಿತ್ತು. ನೀವು ಕೇಳಿ. ಒಂದೇ ಕಡೆಯಿಂದ ತೆಗೆದರೆ ಸಾಲದು, ನೇರಕ್ಕೆ, ಪಕ್ಕದಿಂದ, ಓರೆಯಾಗಿ ಬೇಕು.

ಕೋಲಾರದಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ನೋಡುವ ಮುಂಚೆ, "ಅಮ್ಮಾ, ಆದಷ್ಟು ಮುಷ್ಟಿ ಮಡಚಿ" ಅಂದರು. ಚಾಚಿದಾಗ ನನ್ನ ಬೆರಳು ಸರಿಯಾಗೇ ಕಾಣುತ್ತಿತ್ತು. ಮಡಚಿದರೆ ಕಿರುಬೆರಳ ಮೇಲೆ ಹತ್ತಿ ಕೂತಿತು! ಮಡಚಿದಾಗ ಬೆರಳ ತುದಿಗಳೆಲ್ಲ ಹೆಬ್ಬೆರಳಿನ ಬುಡದ ಕಡೆಗೆ ವಾಲಬೇಕಂತೆ. ಒಂದು ಬೆರಳು ದಾರಿ ತಪ್ಪಿ ಪಕ್ಕದ್ದನ್ನು ದಾಟಿದರೆ ಮುರಿದ ಮೂಳೆ ತಿರುಚಿದೆ ಅಂತ ಅರ್ಥ. ಹಾಗೇ ಕೂಡಿಕೊಂಡರೆ ಕುಡುಗೋಲು ಹಿಡಿಯುವುದಕ್ಕೂ ಆಗುವುದಿಲ್ಲ, ಕೆಚ್ಚಲು ಹಿಡಿಯುವುದಕ್ಕೂ ಆಗುವುದಿಲ್ಲ. ನೋವು ತಡೆಯುವಷ್ಟು ಮಾತ್ರ ಮಡಚಿ ನೋಡಿ, ಜೋರು ಬೇಡ.

ಮೂಳೆ ಮುರಿದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವುದು ಪುತ್ತೂರು ಕಟ್ಟು, ಅಂದರೆ ನಾಟಿ ವೈದ್ಯರು ಹಾಕುವ ಕಟ್ಟು. ನನಗೂ ಹೇಳದವರಿಲ್ಲ. ಮುರಿದರೂ ಜರುಗದೆ ಇರುವ ಮೂಳೆಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿದರೂ ಎಷ್ಟೋ ಸಲ ಸಾಕು ಅಂತ ಡಾಕ್ಟರೇ ಹೇಳಿದರು. ನನ್ನದು ಸುರುಳಿಯಾಗಿ ಉದ್ದಕ್ಕೆ ಸೀಳಿ ತಿರುಗಿತ್ತು. ಅಂಥದ್ದನ್ನು ಹೊರಗಿನಿಂದ ಕಟ್ಟಿ ನಿಲ್ಲಿಸುವುದು ಕಷ್ಟ. ಎರಡು ವಾರ ದಾಟಿದರೆ ಮೂಳೆ ಅಂಟಲು ಶುರುವಾಗಿ ಕೂರಿಸುವುದೂ ಕಷ್ಟ.

ಆಪರೇಷನ್ ಅಂತಾದರೆ ತಂತಿಯೋ, ಪ್ಲೇಟೋ, ಸ್ಕ್ರೂನೋ, ಯಾಕೆ ಅಂತ ಕೇಳಿ. ಅಡ್ಡಕ್ಕೆ ಮುರಿದಿದ್ದರೆ ಹೆಚ್ಚಾಗಿ ತಂತಿ ಅಥವಾ ಪ್ಲೇಟು. ತಂತಿಯ ತುದಿಯನ್ನು ಸಾಮಾನ್ಯವಾಗಿ ಚರ್ಮದ ಹೊರಗೆ ಬಿಡುತ್ತಾರೆ, ಮೂರು-ನಾಲ್ಕು ವಾರಕ್ಕೆ ಎಳೆದು ತೆಗೆಯುತ್ತಾರೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳಿಗೆ ಅದು ನನ್ನ ಲೆಕ್ಕದಲ್ಲಿ ಫಜೀತಿಯೇ. ಉದ್ದ ಸೀಳಿಗೆ ಸ್ಕ್ರೂ ಚೆನ್ನಾಗಿ ಕೂರುತ್ತದೆ. ಸೀಳು ಮೂಳೆಯ ದಪ್ಪದ ಎರಡರಷ್ಟಾದರೂ ಉದ್ದ ಇರಬೇಕಂತೆ, ಆಗಲೇ ಎರಡು ಸ್ಕ್ರೂಗೆ ಜಾಗ. ನನಗೆ ಹಾಕಿದ್ದು ಒಂದೂವರೆ ಮಿಲಿಮೀಟರ್ ದಪ್ಪದವು, ಎರಡು. ನಮ್ಮ ಮನೆಯವರು ಮರಗೆಲಸದವರು, ಕೇಳಿದ ಕೂಡಲೇ ತಿಳಿದುಕೊಂಡರು. ಎರಡು ಹಲಗೆ ಸೇರಿಸುವಾಗ ಮೇಲಿನದಕ್ಕೆ ತೂತು ದೊಡ್ಡದು, ಕೆಳಗಿನದಕ್ಕೆ ಸಣ್ಣದು. ಸ್ಕ್ರೂ ಕೆಳಗಿನ ಹಲಗೆಯನ್ನಷ್ಟೇ ಕಚ್ಚಿ ಎಳೆಯುತ್ತದೆ, ಎರಡೂ ಬಿಗಿಯಾಗಿ ಕೂಡುತ್ತವೆ. ಬೆರಳಲ್ಲೂ ಅದೇ ಕೆಲಸ.

ಹೋಗುವ ಮುಂಚೆ ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಯಾವ ಔಷಧಿ ಒಗ್ಗುವುದಿಲ್ಲ, ಎಲ್ಲ ಹೇಳಿಬಿಡಿ. ಎಷ್ಟು ಹೊತ್ತು ಉಪವಾಸ ಅಂತ ಕೇಳಿಕೊಳ್ಳಿ. ಆಯುಷ್ಮಾನ್ ಕಾರ್ಡು ಇದ್ದರೆ ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ, ಆಮೇಲೆ ಓಡಾಡಿ ಪ್ರಯೋಜನವಿಲ್ಲ. ನನಗೆ ಬೆರಳಿಗೆ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಾಗೇ ಇದ್ದೆ. ಸ್ಕ್ರೂ ಹಾಕಿ ಮುಗಿದ ಮೇಲೆ ಟೇಬಲ್ ಮೇಲೇ ಮುಷ್ಟಿ ಮಡಚಿಸಿದರು. ಬೆರಳು ನೆಟ್ಟಗೆ ಹೆಬ್ಬೆರಳ ಬುಡಕ್ಕೆ ಹೋಯಿತು. ಆ ಮೂರು ದಿನದ ಸಿಟ್ಟು ಅಲ್ಲೇ ಇಳಿಯಿತು.

ಇನ್ನು ಮನೆಗೆ ಬಂದ ಮೇಲೆ. ಸ್ಕ್ರೂ ಹಾಕಿದ್ದಾರಲ್ಲ, ಕೈ ಅಲ್ಲಾಡಿಸದೆ ಇಟ್ಟುಕೋ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಕೇಳಬೇಡಿ. ಬೇಗ ಅಲ್ಲಾಡಿಸಲಿ ಅಂತಲೇ ಸ್ಕ್ರೂ ಹಾಕುವುದು. ಬೆರಳಿನ ಮೂಳೆಗೆ ತಾಗಿಕೊಂಡೇ ನರಗಳು ಓಡಾಡುತ್ತವೆ (ನಾವು ನರ ಅಂತೀವಿ, ಡಾಕ್ಟರು ಟೆಂಡನ್ ಅಂದರು, ಬೆರಳನ್ನು ಎಳೆದು ಮಡಚಿ ಚಾಚುವ ಹುರಿಗಳು). ಸುಮ್ಮನಿಟ್ಟರೆ ಅವು ಗಾಯದ ಕಲೆಗೆ ಅಂಟಿ ಬೆರಳು ಸೆಟೆದುಕೊಳ್ಳುತ್ತದೆ. ನನಗೆ ಮೂರನೇ ದಿನವೇ ಶುರು ಮಾಡಿಸಿದರು. ನಿಮಗೆ ಯಾವತ್ತು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಬುಡದ ಗೆಣ್ಣನ್ನು ಇನ್ನೊಂದು ಕೈಯಿಂದ ಹಿಡಿದು ನಡುವಿನ ಗೆಣ್ಣು ಮಾತ್ರ ಮಡಚಿ ಚಾಚುವುದು. ಆಮೇಲೆ ಕೊಕ್ಕೆಯ ಹಾಗೆ, ಆಮೇಲೆ ಪೂರ್ತಿ ಮುಷ್ಟಿ. ಗಂಟೆಗೊಮ್ಮೆ ಹತ್ತು ಸಲ. ಟಿವಿ ಮುಂದೆ ಕೂತರೂ ಮಾಡಬಹುದು. ಬಲ ಹಾಕಿ ಏನನ್ನೂ ಹಿಡಿಯಬೇಡಿ, ಅದಕ್ಕಿನ್ನೂ ಸಮಯ ಇದೆ.

ಕೈ ಎದೆಗಿಂತ ಮೇಲಿರಲಿ. ರಾತ್ರಿ ದಿಂಬಿನ ಮೇಲಿಡಿ. ಹೊಲಿಗೆ ಬಿಚ್ಚುವವರೆಗೆ ನೀರು, ಸಗಣಿ ಸೋಕಿಸಬೇಡಿ. ನನಗೆ ಹನ್ನೆರಡನೇ ದಿನ ಬಿಚ್ಚಿದರು. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ತಡ ಮಾಡುತ್ತದೆ, ಗಂಡಸರು ಕೇಳಿಸಿಕೊಳ್ಳಿ. ನೋವು ದಿನದಿಂದ ದಿನಕ್ಕೆ ಜಾಸ್ತಿ ಆದರೆ, ಕೀವು ಬಂದರೆ, ಜ್ವರ ಬಂದರೆ, ಬೆರಳು ಬಿಳಿಚಿದರೆ ಅಥವಾ ನೀಲಿಯಾದರೆ ಅವತ್ತೇ ಹೋಗಿ.

ಆರು ವಾರಕ್ಕೆ ಮುದ್ದೆ ಮುರಿದು ತಿಂದೆ. ಅಲ್ಲಿಯವರೆಗೂ ಚಮಚ, ನಾಚಿಕೆಗೇಡು. ಹಾಲು ಕರೆಯಲು ಮೂರು ತಿಂಗಳು ಬಿಡಲಿಲ್ಲ, ಆ ವರ್ಷದ ರಾಗಿ ಕೊಯ್ಲಿಗೆ ಆಳು ಇಡಬೇಕಾಯಿತು. ಊತ ಇಳಿಯಲು ಇನ್ನೂ ಹೆಚ್ಚು ತಿಂಗಳು ಹಿಡಿಯಿತು, ಹೆದರಬೇಡಿ. ಸ್ಕ್ರೂ ತೊಂದರೆ ಕೊಡದಿದ್ದರೆ ತೆಗೆಸಬೇಕಾಗಿಲ್ಲ. ನನ್ನವು ಒಳಗೇ ಇವೆ. ನಡುವಿನ ಗೆಣ್ಣು ಒಂದಿಷ್ಟು ಪೂರ್ತಿ ಚಾಚುವುದಿಲ್ಲ, ಮುಷ್ಟಿ ಮಾತ್ರ ಸರಿಯಾಗಿದೆ. ಹಗ್ಗ ಈಗ ಅಂಗೈಯಲ್ಲಿ ಮಡಚಿ ಹಿಡಿಯುತ್ತೇನೆ, ಹಸು ಎಳೆದರೆ ಬಿಟ್ಟುಬಿಡುತ್ತೇನೆ. ಹೋಗಲಿ, ಸಂಜೆಗೆ ಮನೆಗೇ ಬರುತ್ತದಲ್ವಾ.