ಡಿಕ್ರಿ ದುಡ್ಡು ಕಣದಲ್ಲಿ ಸಿಕ್ಕಿತು

"ಆ ಡಿಕ್ರಿಗೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕು ಮಾರಾಯ." ಕೊಡಗಿನ ಸುಂಟಿಕೊಪ್ಪದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಕಂಟ್ರಾಕ್ಟರುಗಳೇ ಜಾಸ್ತಿ. ಬಾಕಿ ಕೊಡಿ ಅಂತ ಕೋರ್ಟ್ ಕೊಟ್ಟ ತೀರ್ಪೇ ಡಿಕ್ರಿ; ಕಂಪನಿ ಮುಳುಗಿದ ಮೇಲೆ ಅದು ಬರೀ ಕಾಗದ ಅನ್ನೋದು ಅವರ ಲೆಕ್ಕ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮುಳುಗಿದ ಕಂಪನಿಯಿಂದ ನನಗೆ 8 ಲಕ್ಷದ ಮೇಲೆ ಬಂತು.

ದಾವೆಯ ಕಥೆ ಬಿಡಿ, ಎಲ್ಲರದ್ದೂ ಒಂದೇ. ಹೊರಗಿನಿಂದ ಬಂದ ಪ್ರಾಪರ್ಟಿ ಕಂಪನಿಯೊಂದು ಕಾಫಿ ತೋಟ ಕೊಂಡು ಅದರ ಒಂದು ಮೂಲೆಯಲ್ಲಿ ವಿಲ್ಲಾ ಕಟ್ಟಿಸಿತು. ತಡೆಗೋಡೆ, ಚರಂಡಿ, ಇಂಟರ್‌ಲಾಕ್ ನನ್ನ ಕೆಲಸ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದ ಮೇಲೆ ಇಳಿಜಾರಿನ ವಿಲ್ಲಾ ಅಂದ್ರೆ ಜನ ಹೆದರಿದರು. ಆಮೇಲೆ ಕೋವಿಡ್. ನನ್ನ ಬಿಲ್ಲು 11 ಲಕ್ಷ ಚಿಲ್ಲರೆ ಅಲ್ಲೇ ನಿಂತಿತು. ಬಡ್ಡಿ, ಖರ್ಚು ಸೇರಿ ಡಿಕ್ರಿ ಆಗುವಾಗ 14 ಲಕ್ಷದ ಹತ್ತಿರ.

ಅಮಲ್ಜಾರಿ ಅರ್ಜಿ (ಡಿಕ್ರಿ ದುಡ್ಡು ವಸೂಲಿ ಮಾಡಿಕೊಡಿ ಅನ್ನುವ ಅರ್ಜಿ) ಹಾಕಿದ ಮೊದಲ ವರ್ಷ ಪೂರ್ತಿ ದಂಡ. ಬ್ಯಾಂಕ್ ಖಾತೆ ಜಪ್ತಿ ಮಾಡಿಸಿದೆ, ಸಿಕ್ಕಿದ್ದು 2,300 ರೂಪಾಯಿ. ಜೆಸಿಬಿ ಹಿಡಿಯಲು ಹೋದರೆ ಅದು ಫೈನಾನ್ಸಿನದ್ದು. ಜಮೀನಿನ ಇಸಿ (ಋಣಭಾರ ಪತ್ರ) ತೆಗೆಸಿದರೆ ಬ್ಯಾಂಕಿನ ಅಡವು, ಸಾಲ ಜಮೀನಿನ ಬೆಲೆಗಿಂತ ಜಾಸ್ತಿ. ಡೈರೆಕ್ಟರನ್ನು ಸಿವಿಲ್ ಜೈಲಿಗೆ ಕಳಿಸಿ ಎಂದು ಕೇಳಿದೆವು. ಡಿಕ್ರಿ ಕಂಪನಿ ಮೇಲೆ, ಅವರ ಮೇಲಲ್ಲ ಎಂದು ಅರ್ಜಿ ವಜಾ. ಅಷ್ಟರಲ್ಲಿ ನನ್ನ ಕೈಯಿಂದ 60 ಸಾವಿರ ಹೋಗಿತ್ತು.

ನಡುವೆ ಇನ್ನೊಂದು ಪ್ರಯೋಗ. ವಿಲ್ಲಾ ಕೊಂಡವರಲ್ಲಿ ಮೂವರು ಕಂಪನಿಗೆ ಮೇಂಟೆನೆನ್ಸ್ ಬಾಕಿ ಇಟ್ಟಿದ್ದರು. ಆ ದುಡ್ಡನ್ನು ಕೋರ್ಟಿಗೇ ಕಟ್ಟಿ ಎಂದು ಗಾರ್ನಿಶೀ ನೋಟಿಸ್ ಕಳಿಸಿದೆವು. ಇಬ್ಬರು ಜಗಳಕ್ಕೆ ಬಂದರು. ಒಬ್ಬರು ಪಾಪ, 42 ಸಾವಿರ ಸುಮ್ನೆ ಕಟ್ಟಿದರು.

ತಲೆಗೆ ಹೊಳೆದದ್ದು 2023ರ ನವೆಂಬರಿನಲ್ಲಿ. ನಾನು ಕಟ್ಟಿದ ತಡೆಗೋಡೆ ಹೇಗಿದೆ ನೋಡೋಣ ಅಂತ ಹೋಗಿದ್ದೆ. (ಗೋಡೆ ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ, ಹೇಳಿಬಿಡುತ್ತೇನೆ.) ಅದರಾಚೆ ಕಂಪನಿಯದ್ದೇ 18 ಎಕರೆ ರೊಬಸ್ಟಾ ಕಾಫಿ. ಕಸಿ (ರೆಂಬೆ ಸವರುವುದು) ಇಲ್ಲ, ಕಂಬಚಿಗುರು (ಕಾಂಡದ ಬೇಡದ ಚಿಗುರು) ತೆಗೆದಿಲ್ಲ, ಕಳೆ ಮೊಣಕಾಲಿಗೆ ಬರುತ್ತಿತ್ತು. ಆದರೂ ಗಿಡದ ರೆಕ್ಕೆಗಳು, ಅಂದ್ರೆ ರೆಂಬೆಗಳು, ಕಾಯಿಯ ಭಾರಕ್ಕೆ ನೆಲ ಮುಟ್ಟುತ್ತಿದ್ದವು. ಜಮೀನು ಬ್ಯಾಂಕಿನದ್ದು ಸರಿ, ಈ ಕಾಯಿ ಯಾರದ್ದು?

ವಕೀಲರು ಮೊದಲು ನಕ್ಕರು. ಮಾರನೇ ದಿನ ಅವರೇ ಫೋನ್ ಮಾಡಿದರು. ಸಿವಿಲ್ ಪ್ರೊಸೀಜರ್ ಕೋಡ್, ಆರ್ಡರ್ 21, ರೂಲ್ 44 ಮತ್ತು 45. ನಿಂತ ಫಸಲನ್ನೂ ಜಪ್ತಿ ಮಾಡಬಹುದು. ಕೊಯ್ಲಿಗೆ ಯಾವಾಗ ಬರುತ್ತದೆ ಎಂದು ಅರ್ಜಿಯಲ್ಲಿ ಬರೆಯಲೇಬೇಕು. ಸಾಲಗಾರ ಕೊಯ್ಯದಿದ್ದರೆ ಕೋರ್ಟಿನ ಅನುಮತಿ ಪಡೆದು ನಾವೇ ಕೊಯ್ಯಬಹುದು, ಆ ಖರ್ಚೂ ವಸೂಲಿಗೆ ಸೇರುತ್ತದೆ. ಬ್ಯಾಂಕಿನ ಅಡವಿನಲ್ಲಿ ಫಸಲು ಸೇರಿಲ್ಲ ಎಂದು ಹೇಗೆ ಪತ್ತೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯೋಲ್ಲ. ಬೇಕಾದವರು ಒಂದು ಚಾ ಕುಡಿಸಿ.

ಜಪ್ತಿ ಮಾಡಲು ಕೋರ್ಟಿನ ಅಮೀನರು ಬಂದ ದಿನ ಮೋಡ ಕವಿದಿತ್ತು. ಗೇಟಿಗೆ ಜಪ್ತಿ ವಾರಂಟಿನ ಒಂದು ಪ್ರತಿ ಅಂಟಿಸಿದರು. ತೋಟದೊಳಗೂ ಒಂದು ಬೇಕಲ್ಲ? ಅವರು ಗೋಂದಿನ ಡಬ್ಬಿ ಹಿಡಿದು ಸುತ್ತ ನೋಡಿ, "ಏನ್ ಸಾರ್, ಪ್ರತಿ ಗಿಡಕ್ಕೂ ಅಂಟಿಸ್ಬೇಕಾ?" ಅಂದರು. ಕೊನೆಗೆ ಒಂದು ಸಿಲ್ವರ್ ಓಕ್ ಮರಕ್ಕೆ ಅಂಟಿಸಿ, ನನ್ನ ಮೊಬೈಲಿನಲ್ಲಿ ಫೋಟೋ ತೆಗೆಸಿದರು.

ಕಂಪನಿಯವರು ಎಚ್ಚೆತ್ತದ್ದು ಆಮೇಲೆ. ಫಸಲನ್ನು ಯಾವಾಗಲೋ ಡೈರೆಕ್ಟರ ಸಂಬಂಧಿಕರಿಗೆ ಗುತ್ತಿಗೆ ಕೊಟ್ಟಾಗಿದೆ ಎಂದು ಕರಾರು ಪತ್ರ ತಂದು ತಕರಾರು ಹಾಕಿಸಿದರು. ನನ್ನ ಕೈ ಹಿಡಿದದ್ದು ಲೈನ್ ಮನೆಯ (ಆಳುಗಳ ವಸತಿಯ) ರೈಟರ, ಅಂದ್ರೆ ತೋಟದ ಗುಮಾಸ್ತರ, ಚೆಕ್‌ರೋಲ್ — ಆಳುಗಳ ಹಾಜರಿ, ಸಂಬಳದ ಪುಸ್ತಕ. ಗುತ್ತಿಗೆ ಕೊಟ್ಟೆವು ಅಂದ ತಿಂಗಳಾದ ಮೇಲೂ ಆಳುಗಳ ಸಂಬಳ ಕಂಪನಿಯ ಹೆಸರಲ್ಲೇ ಇತ್ತು. ತಕರಾರು ನಿಲ್ಲಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಕರಿಮೆಣಸು. ಅರ್ಜಿಯಲ್ಲಿ ಬರೀ "ಕಾಫಿ ಫಸಲು" ಎಂದು ಬರೆಸಿದ್ದೆ. ಮೆಣಸು ಕೆಂಪಾಗುವ ಮೊದಲೇ ಒಂದು ವಾರದೊಳಗೆ ಬಳ್ಳಿಗಳೆಲ್ಲ ಬೋಳು. ಕಣ್ಣಂದಾಜಿಗೆ ಮೂರ್ನಾಲ್ಕು ಕ್ವಿಂಟಾಲ್. ಕೆಜಿಗೆ 500ರ ಮೇಲಿದ್ದ ಕಾಲ. ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಬರೆಸುವಾಗ ಮೆಣಸು, ಅಡಿಕೆ, ಕಿತ್ತಳೆ, ಬಿದ್ದ ಕಾಯಿ ಎಲ್ಲ ಬರೆಸಿ.

ಕಂಪನಿ ಕೊಯ್ಯಲಿಲ್ಲ, ನಾನೇ ಕೊಯ್ಲು ಮಾಡಿಸಿದೆ. ಜನವರಿಯಲ್ಲಿ ಅಕಾಲ ಮಳೆ ಬಂದು ಕಣದಲ್ಲಿದ್ದ ಕಾಯಿ ಎರಡು ದಿನ ಟಾರ್ಪಾಲಿನ ಅಡಿ ಬೆವರಿತು. ಬೆಳಿಗ್ಗೆ ತೆಗೆದರೆ ಹುಳಿ ವಾಸನೆ. ಆನೆ ಹಾಯುತ್ತದೆ ಅಂತ ಹೆಂಗಸರು ಎಂಟು ಗಂಟೆಗೆ ಮೊದಲು ಒಳಗೆ ಕಾಲಿಡುತ್ತಿರಲಿಲ್ಲ. ಕೊಯ್ಲಿಗೆ ಕೆಜಿಗೆ 5 ರೂಪಾಯಿ, ಒಣಗಿಸುವುದು, ಕಾವಲು, ಚೀಲ, ಲಾರಿ ಸೇರಿ ಸುಮಾರು 1.7 ಲಕ್ಷ ನನ್ನದೇ ದುಡ್ಡು. ಹೆಂಡತಿಯ ಬಳೆ ಅಡವಿಟ್ಟದ್ದು ಆಗಲೇ. ನಿರ್ಲಕ್ಷ್ಯ ಮಾಡಿದ ತೋಟದಲ್ಲೂ 130 ಚೀಲ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಆಯಿತು. ಔಟ್‌ಟರ್ನ್ (50 ಕೆಜಿ ಚೀಲಕ್ಕೆ ಸಿಗುವ ಬೀಜ, ಕೆಜಿಯಲ್ಲಿ) 26 ಇದ್ದ ನೆನಪು. ಕೆಲವು ವರ್ಷ ಹಿಂದೆ ಚೀಲಕ್ಕೆ 3,500 ಇದ್ದದ್ದು ಆಗ 8,000ದ ಆಸುಪಾಸು. ಕೋರ್ಟ್ ಹರಾಜಿನಲ್ಲಿ ಸ್ವಲ್ಪ ಕಮ್ಮಿಗೆ ಹೋಗಿ 9.8 ಲಕ್ಷ ಆಯಿತು. ನನ್ನ ಖರ್ಚು ಕಳೆದು 8.1 ಲಕ್ಷ ಡಿಕ್ರಿಗೆ ಜಮಾ.

ಹಣ ಕೋರ್ಟಿನಿಂದ ಕೈಗೆ ಬಂದು ಐದು ವಾರಕ್ಕೆ ಬ್ಯಾಂಕಿನ ದಿವಾಳಿ ಅರ್ಜಿ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ (ಕಂಪನಿ ನ್ಯಾಯಮಂಡಳಿಯಲ್ಲಿ) ದಾಖಲಾಯಿತು. ಮೊರಟೋರಿಯಂ (ಕಂಪನಿ ಮೇಲಿನ ವಸೂಲಿಗೆಲ್ಲ ತಡೆ) ಬಂದ ಮೇಲೆ ಅಮಲ್ಜಾರಿ ಅಲ್ಲಿಗೆ ಸ್ತಬ್ಧ. ಒಂದು ಕೊಯ್ಲು ತಡವಾಗಿದ್ದರೆ ನನ್ನದೂ ಫ್ರೇಮಿಗೇ ಹೋಗುತ್ತಿತ್ತು. ಉಳಿದ ಐದೂವರೆ ಲಕ್ಷಕ್ಕೆ ಫಾರಂ ಬಿ (ದಿವಾಳಿ ಪ್ರಕ್ರಿಯೆಯಲ್ಲಿ ಬಾಕಿ ಕೇಳುವ ಅರ್ಜಿ) ಹಾಕಿದ್ದೇನೆ, ಆಸೆ ಇಟ್ಟಿಲ್ಲ. ನನಗೆ ಬಂದದ್ದು ದಿವಾಳಿಗೆ ಮುಂಚಿನ ಒಂದು ವರ್ಷದೊಳಗೆ ಆದ ಪಾವತಿ ಅಂತ ಪ್ರಶ್ನಿಸಿ, ದಿವಾಳಿ ಪ್ರಕ್ರಿಯೆ ನೋಡಿಕೊಳ್ಳುವ ರೆಸಲ್ಯೂಶನ್‌ನವರು ಒಂದು ಪತ್ರವನ್ನೂ ಬರೆದರು. ಉತ್ತರ ಕೊಟ್ಟಿದ್ದೇವೆ, ಮತ್ತೆ ಸದ್ದಿಲ್ಲ.

ಆದರೆ ಬೌನ್ಸ್ ಆದ ಎರಡು ಚೆಕ್ ಇವೆ. ಸಹಿ ಹಾಕಿದ್ದು ಆ ಡೈರೆಕ್ಟರೇ. ಮೊರಟೋರಿಯಂ ಕಂಪನಿಗೆ ಮಾತ್ರ, 138ರ (ಚೆಕ್ ಬೌನ್ಸ್) ಕೇಸಿನಲ್ಲಿ ಡೈರೆಕ್ಟರಿಗೆ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹೋದ ವಾರ ಅವರ ಕಡೆಯಿಂದ ಫೋನ್ ಬಂತು. "ಸಾರ್, ಕೂತು ಮಾತಾಡೋಣ್ವಾ?" ಅಂದರು. ಕಾಫಿ ಕುಡಿಯಲು ಬನ್ನಿ ಅಂದಿದ್ದೇನೆ.