ವಿದೇಶಾಂಗ ಬಜೆಟ್ ಓದುವುದು ಹೇಗೆ?

ಯಾವ ದೇಶ ನಮಗೆ ಎಷ್ಟು ಮುಖ್ಯ ಅಂತ ತಿಳಿಯಲು ಭಾಷಣ ಕೇಳಿದರೆ ಸಾಲದು. ಸರ್ಕಾರ ದುಡ್ಡು ಎಲ್ಲಿ ಇಟ್ಟಿದೆ ಅಂತ ನೋಡಬೇಕು. ಕೇಂದ್ರ ಬಜೆಟ್‌ನ ವೆಬ್‌ಸೈಟ್‌ನಲ್ಲಿ ವಿದೇಶಾಂಗ ಸಚಿವಾಲಯದ ಖರ್ಚಿನ ಪುಟಗಳು ಎಲ್ಲರಿಗೂ ಸಿಗುತ್ತವೆ. 2025–26ರ ಲೆಕ್ಕವನ್ನೇ ಹಿಡಿದು ನೋಡೋಣ.

ಮೊದಲು ಒಟ್ಟು ಮೊತ್ತ. ವಿದೇಶಾಂಗಕ್ಕೆ 20,516 ಕೋಟಿ ರೂಪಾಯಿ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಇಡೀ ಬಜೆಟ್ 50.65 ಲಕ್ಷ ಕೋಟಿ. ಅಂದರೆ 100 ರೂಪಾಯಿಗೆ ಸುಮಾರು 40 ಪೈಸೆ. ರಾಯಭಾರ ಕಚೇರಿ, ಪಾಸ್‌ಪೋರ್ಟ್ ಸೇವೆ, ಬೇರೆ ದೇಶಗಳಿಗೆ ನೆರವು, ಎಲ್ಲ ಇದರಲ್ಲೇ.

ಆಮೇಲೆ ನೆರವಿನ ಪಟ್ಟಿಗೆ ಬನ್ನಿ. ಒಟ್ಟು 5,483 ಕೋಟಿ. ಭೂತಾನ್ ಒಂದಕ್ಕೇ 2,150 ಕೋಟಿ. ನೇಪಾಳಕ್ಕೆ 700, ಮಾಲ್ಡೀವ್ಸ್‌ಗೆ 600, ಮಾರಿಷಸ್‌ಗೆ 500. ಆಫ್ರಿಕಾದ ಅಷ್ಟೂ ದೇಶಗಳಿಗೆ ಸೇರಿ 225. ಅಕ್ಕಪಕ್ಕದವರು ಮೊದಲು ಅನ್ನುವ ನೀತಿ ಇಲ್ಲಿ ಕಣ್ಣಿಗೆ ಕಾಣುತ್ತದೆ. ಭೂತಾನಿನ ಮೊತ್ತವೆಲ್ಲ ದಾನವಲ್ಲ, ಒಂದು ಭಾಗ ಸಾಲ. ನಮ್ಮ ದುಡ್ಡಿನಿಂದ ಅಲ್ಲಿ ಕಟ್ಟಿದ ಜಲವಿದ್ಯುತ್ ಯೋಜನೆಗಳ ಕರೆಂಟ್ ನಮಗೂ ಬರುತ್ತದೆ. ಚೀನಾದ ಗಡಿ ಬೇರೆ ಅಲ್ಲೇ ಇದೆ.

ಒಂದೇ ವರ್ಷದ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಬಜೆಟ್ ಅಂದಾಜಿನ ಪಕ್ಕದಲ್ಲೇ ಪರಿಷ್ಕೃತ ಅಂದಾಜಿನ, ಅಂದರೆ ವರ್ಷದ ನಡುವೆ ತಿದ್ದಿದ ಲೆಕ್ಕದ, ಕಾಲಂ ಇರುತ್ತದೆ. ನಿಜವಾದ ಕತೆ ಅಲ್ಲಿದೆ. 2023ರ ಕೊನೆಯಲ್ಲಿ ಮಾಲ್ಡೀವ್ಸ್‌ನಲ್ಲಿ ‘ಇಂಡಿಯಾ ಔಟ್’ ಅಂದವರೇ ಅಧಿಕಾರಕ್ಕೆ ಬಂದರು. ಟಿವಿಯಲ್ಲಿ ಜಗಳವೋ ಜಗಳ. ಪುಟದಲ್ಲಿ? 2024–25ಕ್ಕೆ 400 ಕೋಟಿ ಇಟ್ಟಿದ್ದರು, ಪರಿಷ್ಕೃತ ಅಂದಾಜಿನಲ್ಲಿ ಅದು 470 ಆಯಿತು, ಮುಂದಿನ ವರ್ಷ 600. ಕೋಪಕ್ಕೆ ಬಲಿಯಾಗದೆ ಸಂಬಂಧ ಉಳಿಸಿಕೊಂಡದ್ದು ಸರಿಯಾದ ದಾರಿ ಅಂತ ನಾನು ನಂಬುತ್ತೇನೆ.

ಈ ಪುಟದಲ್ಲಿ ಕಾಣದ ದುಡ್ಡೂ ಇದೆ. 2022ರಲ್ಲಿ ದಿವಾಳಿಯಾದ ಶ್ರೀಲಂಕಾಕ್ಕೆ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಬಹುಪಾಲು ಸಾಲದ ರೂಪದಲ್ಲಿ ಬಂದದ್ದು ಎಕ್ಸಿಮ್ ಬ್ಯಾಂಕ್ (ಆಮದು-ರಫ್ತಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕ್), ಸ್ಟೇಟ್ ಬ್ಯಾಂಕ್, ಆರ್‌ಬಿಐ ಮೂಲಕ. ಹಾಗಾಗಿ ಸಾಲದ ಲೆಕ್ಕವನ್ನು ಬೇರೆಯಾಗಿ ಹುಡುಕಬೇಕು.

ಕೊನೆಗೆ ಸಂಸತ್ತಿನ ವಿದೇಶಾಂಗ ಸ್ಥಾಯಿ ಸಮಿತಿಯ ವರದಿ ಓದಿ. ಕೊಟ್ಟ ಹಣ ಖರ್ಚಾಯಿತೇ, ಯೋಜನೆ ಎಲ್ಲಿ ನಿಂತಿದೆ ಅಂತ ಸಂಸದರು ಕೇಳಿದ ಪ್ರಶ್ನೆಗಳು ಅಲ್ಲಿರುತ್ತವೆ. ವಿದೇಶಾಂಗ ಸೇವೆಯಲ್ಲಿ ಅಧಿಕಾರಿಗಳು ಸಾಲುತ್ತಿಲ್ಲ ಅಂತ ಸಮಿತಿ ಮತ್ತೆ ಮತ್ತೆ ಹೇಳಿದೆ. ಹೊಸ ಯೋಜನೆ ಘೋಷಿಸುವ ಮೊದಲು ಈ ಕೊರತೆ ತುಂಬಲಿ.